ಮಸುಕಾದ ಸಾಲುಗಳನ್ನು ಒಟ್ಟಿಗೆ ಅಳಿಸಬೇಡಿ, ಮೊದಲು ಎಲ್ಲವನ್ನೂ ಒಮ್ಮೆ ಸಿಕ್ಕಿಸಿ

ಸರ್, ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ವಿಂಡೋಸ್‌ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಮಸುಕಾಗಿ ಕಂಡ ಸಾಲುಗಳನ್ನೆಲ್ಲಾ (ಹಿಂದೆ ಸಿಕ್ಕಿಸಿ, ಈಗ ತೆಗೆದಿರುವ ಸಾಧನಗಳ ಗುರುತುಗಳನ್ನು) ಒಂದು ಟೂಲ್‌ನಲ್ಲಿ ಸೆಲೆಕ್ಟ್ ಆಲ್ ಮಾಡಿ ಅಳಿಸಿದೆ, ಈಗ ಹಳೆಯ ಸ್ಕ್ಯಾನರ್ ಸಿಗುತ್ತಿಲ್ಲ, ಸೀರಿಯಲ್ ಕೇಬಲ್ ಇನ್ನೂ ಕಾಮ್ 27ರಲ್ಲೇ (ವಿಂಡೋಸ್ ಅದಕ್ಕೆ ಕೊಟ್ಟ ಪೋರ್ಟ್ ನಂಬರ್) ಕೂತಿದೆ ಎಂದು ಬರೆದಿದ್ದೀರಿ. ಅದರ ಕೆಳಗೆ ಒಬ್ಬರು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ, ಸಾಧನಗಳ ದಾಖಲೆ ಇರುವ ಎನಮ್ ಕೀಗೆ ಪರ್ಮಿಶನ್ ತೆಗೆದುಕೊಂಡು ಉಳಿದಿದ್ದನ್ನೂ ಕೈಯಲ್ಲೇ ಅಳಿಸಿ ಎಂದಿದ್ದಾರೆ. ಆ ಸಲಹೆ ಮಾತ್ರ ಬೇಡ. ನಾನು ಅದನ್ನೇ ಮಾಡಿ ಒಂದಿಡೀ ರಾತ್ರಿ ಕಳೆದುಕೊಂಡಿದ್ದೇನೆ.

ಆಗ ನನ್ನ ಹತ್ತಿರ ಟೆಸ್ಟ್ ಮಾಡಲು ಬರುತ್ತಿದ್ದ ಬೋರ್ಡ್‌ಗಳು ಜಾಸ್ತಿ. ಪೋರ್ಟ್ ಪಟ್ಟಿ ಉದ್ದವಾಗಿ ಬೆಳೆದಿತ್ತು. ಕರೆಂಟ್‌ಕಂಟ್ರೋಲ್‌ಸೆಟ್ ಒಳಗಿನ ಎನಮ್ ಕೀಗೆ ಬರೆಯುವ ಹಕ್ಕು ಸಿಸ್ಟಮ್ ಅಕೌಂಟ್‌ಗೆ ಮಾತ್ರ ಇರುತ್ತದೆ, ಅಡ್ಮಿನ್‌ಗೂ ಇಲ್ಲ. ಅದು ಏಕೆ ಹಾಗಿದೆ ಎಂದು ಯೋಚಿಸದೆ ಓನರ್‌ಶಿಪ್ ತೆಗೆದುಕೊಂಡೆ. ಯುಎಸ್‌ಬಿ ಶಾಖೆ ಬಿಚ್ಚಿದೆ. ಗುರುತು ಸಿಗದ ಹೆಸರುಗಳನ್ನೆಲ್ಲಾ ಅಳಿಸುತ್ತಾ ಹೋದೆ. ರೀಸ್ಟಾರ್ಟ್ ಆಯಿತು, ಲಾಗಿನ್ ಪರದೆ ಬಂತು. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತಲಿಲ್ಲ. ಮೌಸ್‌ನ ಹೊಟ್ಟೆಯ ಕೆಂಪು ಬೆಳಕು ಉರಿಯುತ್ತಿತ್ತು, ಆದರೆ ಬಾಣ ಕದಲಲಿಲ್ಲ. ಪಾಸ್‌ವರ್ಡ್ ಪೆಟ್ಟಿಗೆ ಕಣ್ಣೆದುರಿಗೇ ಇದೆ, ಒಂದಕ್ಷರ ಹಾಕಲು ಆಗುತ್ತಿಲ್ಲ. ಅದೇ ಕೀಬೋರ್ಡ್ ಬಯೋಸ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು, ಹಾಗಾಗಿ ಕೆಟ್ಟಿರುವುದು ವಿಂಡೋಸ್ ಒಳಗೆ ಎಂದು ಗೊತ್ತಾಯಿತು. ಬೂಟ್ ಆಗುವಾಗ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದ ಮೇಲೆ ರಿಪೇರಿ ಪರದೆ ಬಂತು. ಅಲ್ಲಿ ಓಡುವುದು ಬೇರೆಯೇ ಪುಟ್ಟ ವಿಂಡೋಸ್, ಹಾಗಾಗಿ ಕೀಬೋರ್ಡ್‌ಗೆ ಜೀವ ಬಂತು. ವಿಂಡೋಸ್ ಅನ್ನು ಹಳೆಯ ಸ್ಥಿತಿಗೆ ಮರಳಿಸುವ, ನಾಲ್ಕು ದಿನ ಹಿಂದಿನ ಒಂದು ರಿಸ್ಟೋರ್ ಪಾಯಿಂಟ್ ಇತ್ತು, ಅದರಿಂದ ಉಳಿದುಕೊಂಡೆ. ಇರದಿದ್ದರೆ ಫಾರ್ಮ್ಯಾಟ್ ಮಾಡುವುದೇ ಗತಿಯಾಗುತ್ತಿತ್ತು.

ಇನ್ನೊಂದು ವಿಷಯ ಆಮೇಲೆ ಅರ್ಥವಾಯಿತು. ಕೈಯಲ್ಲಿ ಅಳಿಸಿದರೆ ಕಾಮ್ ನಂಬರ್ ಬಿಡುಗಡೆಯೇ ಆಗುವುದಿಲ್ಲ. ಯಾವ ನಂಬರ್ ಯಾರಿಗೋ ಕೊಟ್ಟಾಗಿದೆ ಎಂಬ ಲೆಕ್ಕ ಇರುವುದು ಕಾಮ್ ನೇಮ್ ಆರ್ಬಿಟರ್ ಎಂಬ ಬೇರೆ ಕೀಯಲ್ಲಿ, ಕಾಮ್‌ಡಿಬಿ ಹೆಸರಿನಲ್ಲಿ. ಡಿವೈಸ್ ಮ್ಯಾನೇಜರ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದರೆ ವಿಂಡೋಸ್ ಅಲ್ಲಿಯೂ ಆ ನಂಬರ್ ಬಿಡಿಸುತ್ತದೆ. ಎನಮ್‌ನಲ್ಲಿ ಸಾಲನ್ನಷ್ಟೇ ಕಿತ್ತರೆ ನಂಬರ್ ‘ಇನ್ ಯೂಸ್’ ಆಗಿಯೇ ಉಳಿಯುತ್ತದೆ. ಯಾವುದಕ್ಕಾಗಿ ಅಷ್ಟೆಲ್ಲಾ ಕಷ್ಟಪಟ್ಟಿರೋ ಅದೇ ಆಗುವುದಿಲ್ಲ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಹಲವು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಒಮ್ಮೆಯೂ ತೊಂದರೆಯಾಗಿಲ್ಲ.

ಅಳಿಸುವ ಮೊದಲು ನಿಮ್ಮ ಹತ್ತಿರ ಇರುವ ಪ್ರತಿಯೊಂದು ಸಾಧನವನ್ನೂ ಒಮ್ಮೆ ಸಿಕ್ಕಿಸಿ. ಡ್ರಾಯರ್‌ನಲ್ಲಿರುವ ಪೆನ್ ಡ್ರೈವ್, ವರ್ಷಕ್ಕೊಮ್ಮೆ ತೆಗೆಯುವ ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ವೆಬ್‌ಕ್ಯಾಮ್, ಬ್ಲೂಟೂತ್ ಡಾಂಗಲ್, ಎಲ್ಲಾ. ಸಾಮಾನ್ಯವಾಗಿ ಯಾವ ಪೋರ್ಟ್‌ಗೆ ಹಾಕುತ್ತೀರೋ ಅದಕ್ಕೇ ಹಾಕಿ. ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಇಷ್ಟು ಮಾಡಿದರೆ ಬಳಕೆಯಲ್ಲಿರುವ ಸಾಲುಗಳಿಗೆಲ್ಲಾ ಇವತ್ತಿನ ತಾರೀಖು ಬೀಳುತ್ತದೆ. ಮಸುಕಾದ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಟ್ಯಾಬ್‌ನಲ್ಲಿ ‘ಲಾಸ್ಟ್ ರಿಮೂವಲ್ ಡೇಟ್’ ಆರಿಸಿ ನೋಡಿ. ಇವತ್ತಿನದಾದರೆ ಮುಟ್ಟಬೇಡಿ. ಎರಡು ವರ್ಷ ಹಳೆಯದಾದರೆ ಅದರ ಸಾಧನ ನಿಮ್ಮ ಹತ್ತಿರ ಇಲ್ಲ ಅಥವಾ ಬೇರೆ ಪೋರ್ಟ್‌ನ ಹಳೇ ಗುರುತು ಅದು, ನಿಶ್ಚಿಂತೆಯಿಂದ ತೆಗೆಯಬಹುದು. ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಒಂದೊಂದಾಗಿ ತೆರೆದು ನೋಡಲು ಬೇಸರ ಎನ್ನುವವರಿಗೆ ಡಿವೈಸ್ ಕ್ಲೀನಪ್ ಟೂಲ್ ಚೆನ್ನಾಗಿದೆ. ಪುಟ್ಟದು, ಇನ್‌ಸ್ಟಾಲ್ ಮಾಡಬೇಕಿಲ್ಲ, ಕೊನೆಯ ಬಳಕೆಯ ಕಾಲಂ ಇದೆ, ಅದರ ಮೇಲೆ ಕ್ಲಿಕ್ ಮಾಡಿದರೆ ಹಳೆಯದೆಲ್ಲಾ ಒಂದು ಕಡೆ ಬರುತ್ತದೆ. ಡೆವ್‌ಮ್ಯಾನ್‌ವ್ಯೂ ಕೂಡ ಒಳ್ಳೆಯದೇ, ಆದರೆ ಅದರಲ್ಲಿ ಜೀವಂತ ಸಾಧನಗಳೂ ಒಟ್ಟಿಗೇ ಕಾಣುತ್ತವೆ, ಕೈ ತಪ್ಪುವ ಸಾಧ್ಯತೆ ಜಾಸ್ತಿ. ಇನ್ನು ‘ಒಂದೇ ಕ್ಲಿಕ್‌ನಲ್ಲಿ ರಿಜಿಸ್ಟ್ರಿ ಕ್ಲೀನ್’, ‘ಡ್ರೈವರ್ ಬೂಸ್ಟ್’ ಎಂದು ಹೇಳಿಕೊಂಡು ಬರುವ ಸಾಫ್ಟ್‌ವೇರ್‌ಗಳನ್ನು ಕಂಪ್ಯೂಟರ್ ಹತ್ತಿರಕ್ಕೂ ಬಿಡಬೇಡಿ. ಯಾವುದನ್ನು ಏಕೆ ಅಳಿಸುತ್ತಿದ್ದೇವೆ ಎಂದು ಅವು ಹೇಳುವುದೇ ಇಲ್ಲ. ಟೂಲ್ ಒಳ್ಳೆಯದಾಗಿದ್ದರೂ ಸೆಲೆಕ್ಟ್ ಆಲ್ ಮಾಡಿದರೆ ಅದು ನಿಮ್ಮ ತಪ್ಪು ಸರ್, ಬೇಜಾರು ಮಾಡಿಕೊಳ್ಳಬೇಡಿ.

ವಿಂಡೋಸ್ ಹತ್ತರ ಈಚಿನ ಆವೃತ್ತಿಗಳಲ್ಲಿ, ಹನ್ನೊಂದರಲ್ಲಿ ಕಮಾಂಡ್‌ನಲ್ಲೂ ಆಗುತ್ತದೆ. ಅಡ್ಮಿನ್ ಆಗಿ ತೆರೆದ ಕಿಟಕಿಯಲ್ಲಿ ‘ಪಿಎನ್‌ಪಿಯುಟಿಲ್ /ಎನಮ್-ಡಿವೈಸಸ್ /ಡಿಸ್‌ಕನೆಕ್ಟೆಡ್’ ಕೊಟ್ಟರೆ ಕಳಚಿದ ಸಾಧನಗಳ ಪಟ್ಟಿ ಬರುತ್ತದೆ. ಅದನ್ನು ಒಂದು ಟೆಕ್ಸ್ಟ್ ಫೈಲ್‌ಗೆ ಕಳಿಸಿ ಇಟ್ಟುಕೊಳ್ಳಿ. ಆಮೇಲೆ ಏನೋ ಹೋಯಿತು ಎಂದಾಗ ಅಲ್ಲಿ ಏನಿತ್ತು ಎಂದು ನೋಡಲು ಅದೊಂದೇ ದಾಖಲೆ. ತೆಗೆಯಲು ‘/ರಿಮೂವ್-ಡಿವೈಸ್’ ಮುಂದೆ ಆ ಪಟ್ಟಿಯಲ್ಲಿರುವ ಸಾಧನದ ಇನ್‌ಸ್ಟನ್ಸ್ ಐಡಿ ಕೋಟ್ ಒಳಗೆ ಹಾಕಬೇಕು. ಕೋಟ್ ಬಿಡಬೇಡಿ, ಐಡಿಯಲ್ಲಿ ಆಂಪರ್‌ಸ್ಯಾಂಡ್ ಇರುತ್ತದೆ, ಅಲ್ಲಿಗೇ ಕಮಾಂಡ್ ತುಂಡಾಗುತ್ತದೆ.

ಆ ಐಡಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಕೊನೆಯ ಸ್ಲ್ಯಾಶ್ ಆದಮೇಲೆ ಬರುವ ಭಾಗದಲ್ಲಿ ಎರಡನೇ ಅಕ್ಷರವೇ ಆಂಪರ್‌ಸ್ಯಾಂಡ್ ಆಗಿದ್ದರೆ, ಆ ಸಾಧನಕ್ಕೆ ಸ್ವಂತ ಸೀರಿಯಲ್ ನಂಬರ್ ಇಲ್ಲ, ವಿಂಡೋಸ್ ತಾನೇ ಒಂದು ಗುರುತು ಕೊಟ್ಟಿದೆ ಎಂದರ್ಥ. ಅಂಥದ್ದನ್ನು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ಹೊಸ ಸಾಲು ಹುಟ್ಟುತ್ತದೆ, ಹೊಸ ಕಾಮ್ ನಂಬರ್ ಸಿಗುತ್ತದೆ. ಸಿಎಚ್340 ಚಿಪ್‌ನ ಕೇಬಲ್‌ಗಳು ಹೀಗೇ. ಎಫ್‌ಟಿಡಿಐ ಚಿಪ್‌ನದ್ದರಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ, ಯಾವ ಕಿಂಡಿಗೆ ಹಾಕಿದರೂ ಅದೇ ನಂಬರ್. ಒಂದೇ ಕೇಬಲ್ ದಿನಾ ಬಳಸುವವರು ಎಫ್‌ಟಿಡಿಐ ಕೊಳ್ಳಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ದಿನಕ್ಕೆ ಐವತ್ತು ಬೋರ್ಡ್ ಟೆಸ್ಟ್ ಮಾಡುವವರಿಗೆ ಇದೇ ಗುಣ ತಿರುಗುಬಾಣ. ಐವತ್ತು ಸೀರಿಯಲ್ ನಂಬರ್, ಐವತ್ತು ಕಾಮ್ ಪೋರ್ಟ್. ಮಿತಿ ಇರುವುದು 256. ಅಂಥವರಿಗಾಗಿ ರಿಜಿಸ್ಟ್ರಿಯ ಯುಎಸ್‌ಬಿಫ್ಲ್ಯಾಗ್ಸ್ ಕೀಯಲ್ಲಿ, ಸಾಧನದ ಸೀರಿಯಲ್ ನಂಬರ್ ಲೆಕ್ಕಿಸಬೇಡ ಎಂದು ಹೇಳುವ ಇಗ್ನೋರ್ ಹಾರ್ಡ್‌ವೇರ್ ಸೀರಿಯಲ್ ಎಂಬ ಸೆಟ್ಟಿಂಗ್ ಇದೆ. ಅದು ಮನೆಯಲ್ಲಿ ಒಂದೆರಡು ಕೇಬಲ್ ಬಳಸುವವರಿಗೆ ಬೇಡ.

ವಿಂಡೋಸ್ ಏಳು ಬಳಸುವವರು ಇನ್ನೂ ಇದ್ದಾರೆ, ಅವರಿಗೊಂದು ಮಾತು. ಅಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದರೆ ಸಾಲದು. ಕಮಾಂಡ್ ಕಿಟಕಿಯಲ್ಲಿ ‘ಸೆಟ್ ಡೆವ್‌ಎಂಜಿಆರ್_ಶೋ_ನಾನ್‌ಪ್ರೆಸೆಂಟ್_ಡಿವೈಸಸ್=1’ ಕೊಟ್ಟು, ಅದೇ ಕಿಟಕಿಯಿಂದ ಡಿವೈಸ್ ಮ್ಯಾನೇಜರ್ ತೆರೆಯಬೇಕು. ಸ್ಟಾರ್ಟ್ ಮೆನುವಿನಿಂದ ತೆರೆದರೆ ಕಾಣುವುದಿಲ್ಲ. ಎಂಟರಿಂದ ಈಚೆಗೆ ಇದು ಬೇಕಿಲ್ಲ.

ಮಸುಕಾಗಿದ್ದರೂ ಮುಟ್ಟಬಾರದ ಜಾಗಗಳಿವೆ. ಸಿಸ್ಟಮ್ ಡಿವೈಸಸ್, ಸಾಫ್ಟ್‌ವೇರ್ ಡಿವೈಸಸ್, ಶ್ಯಾಡೋ ಕಾಪಿ ಸಾಲುಗಳು, ನೆಟ್‌ವರ್ಕ್‌ನ ಕೆಳಗಿರುವ ವಾನ್ ಮಿನಿಪೋರ್ಟ್, ಕರ್ನಲ್ ಡೀಬಗ್ ಅಡಾಪ್ಟರ್, ಇವುಗಳನ್ನು ಸುಮ್ನೆ ಬಿಟ್ಟುಬಿಡಿ. ಅವುಗಳಿಂದ ನಿಮಗೆ ಯಾವ ತೊಂದರೆಯೂ ಇಲ್ಲ. ಕೋಡ್ 45 ಎಂದು ತೋರಿಸಿದರೆ ಅದು ಕೆಟ್ಟಿದೆ ಎಂದಲ್ಲ, ಈಗ ಸಿಕ್ಕಿಸಿಲ್ಲ ಎಂದಷ್ಟೇ. ಪಟ್ಟಿ ಉದ್ದವಿದ್ದ ಮಾತ್ರಕ್ಕೆ ಗಾಬರಿಯೂ ಬೇಡ. ಒಂದು ಸಾಧಾರಣ ಕೀಬೋರ್ಡ್ ಕೂಡ ಕಾಂಪೋಸಿಟ್ ಡಿವೈಸ್, ಇನ್‌ಪುಟ್ ಡಿವೈಸ್, ಕೀಬೋರ್ಡ್, ವಾಲ್ಯೂಮ್ ಬಟನ್‌ಗಳಿಗೆ ಇನ್ನೊಂದು ಎಂದು ನಾಲ್ಕೈದು ಸಾಲು ಹಿಡಿಯುತ್ತದೆ. ವ್ಯೂ ಮೆನುವಿನಲ್ಲಿ ‘ಡಿವೈಸಸ್ ಬೈ ಕಂಟೇನರ್’ ಆರಿಸಿದರೆ ಒಂದು ಸಾಧನದ ಸಾಲುಗಳು ಒಂದೇ ಹೆಸರಿನಡಿ ಬರುತ್ತವೆ, ಯಾವುದು ಯಾರ ಮಗು ಎಂದು ತಿಳಿಯುತ್ತದೆ. ಮತ್ತೆ, ಇವನ್ನು ಅಳಿಸಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂದು ಮೇಲೆ ಯಾರೋ ಬರೆದಿದ್ದಾರೆ. ನನ್ನ ಯಾವ ಯಂತ್ರದಲ್ಲೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಂದಿಲ್ಲ. ವೇಗಕ್ಕಾಗಿ ಈ ಕೆಲಸಕ್ಕೆ ಇಳಿಯಬೇಡಿ.

ನಿಜವಾಗಿ ಅಳಿಸಬೇಕಾಗುವ ಸಂದರ್ಭ ಎಂದರೆ ಕಾಮ್ ಪೋರ್ಟ್, ಇನ್ನೊಂದು ನೆಟ್‌ವರ್ಕ್ ಕಾರ್ಡ್. ಕಾರ್ಡ್ ಬದಲಿಸಿ ಹಳೆಯ ಐಪಿಯನ್ನೇ ಹೊಸದಕ್ಕೆ ಕೊಡಲು ಹೋದರೆ ಈ ವಿಳಾಸ ಬೇರೆ ಅಡಾಪ್ಟರ್‌ಗೆ ಕೊಟ್ಟಾಗಿದೆ ಎಂಬ ಎಚ್ಚರಿಕೆ ಬರುತ್ತದೆ. ಆ ಬೇರೆ ಅಡಾಪ್ಟರ್ ಈ ಮಸುಕಾದ ಹಳೆಯ ಕಾರ್ಡ್. ಅದೊಂದನ್ನು ತೆಗೆದರೆ ಮುಗಿಯಿತು. ಇದಕ್ಕೆ ‘ನೆಟ್‌ಸಿಎಫ್‌ಜಿ -ಡಿ’ ಕೊಡಿ ಎನ್ನುವವರಿದ್ದಾರೆ. ಅದು ಎಲ್ಲಾ ಅಡಾಪ್ಟರ್‌ಗಳನ್ನೂ ಗುಡಿಸಿ ಹಾಕುತ್ತದೆ, ವಿಪಿಎನ್ ಕೂಡ ಹೋಗುತ್ತದೆ. ಸೊಳ್ಳೆ ಹೊಡೆಯಲು ಕೊಡಲಿ ಬೇಕಾ?

ಅನ್‌ಇನ್‌ಸ್ಟಾಲ್ ಒತ್ತಿದಾಗ ಡ್ರೈವರ್ ಕೂಡ ತೆಗೆಯಲೇ ಎಂದು ಕೇಳುವ ಚಿಕ್ಕ ಚೌಕಕ್ಕೆ ಟಿಕ್ ಹಾಕಬೇಡಿ. ಹಳೆಯ ಸ್ಕ್ಯಾನರ್, ಪ್ಲಾಟರ್‌ಗಳ ಡ್ರೈವರ್ ತಯಾರಕರ ಸೈಟ್‌ನಲ್ಲೂ ಸಿಗದೆ ಹೋಗಬಹುದು. ಯಾವ ಕೆಲಸಕ್ಕೂ ಮೊದಲು ಒಂದು ಖಾಲಿ ಫೋಲ್ಡರ್ ಮಾಡಿಕೊಂಡು ‘ಪಿಎನ್‌ಪಿಯುಟಿಲ್ /ಎಕ್ಸ್‌ಪೋರ್ಟ್-ಡ್ರೈವರ್ *’ ಎಂದು ಕೊಟ್ಟು, ಮುಂದೆ ಆ ಫೋಲ್ಡರ್‌ನ ದಾರಿ ಹಾಕಿ. ಹೊರಗಿನಿಂದ ಬಂದ ಡ್ರೈವರ್‌ಗಳೆಲ್ಲಾ ಅಲ್ಲಿ ಬಂದು ಬೀಳುತ್ತವೆ. ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ, ಎಷ್ಟೋ ಯಂತ್ರಗಳಲ್ಲಿ ಆಫ್ ಆಗಿಯೇ ಇರುತ್ತದೆ. ಆನ್ ಮಾಡಿ ಒಂದು ರಿಸ್ಟೋರ್ ಪಾಯಿಂಟ್ ಇಟ್ಟುಕೊಳ್ಳಿ. ಪ್ರಿಂಟರ್‌ಗಳನ್ನು ಸೆಟ್ಟಿಂಗ್ಸ್‌ನ ಪ್ರಿಂಟರ್ ಪುಟದಿಂದ, ಬ್ಲೂಟೂತ್ ಸಾಧನಗಳನ್ನು ಬ್ಲೂಟೂತ್ ಪುಟದಿಂದ ತೆಗೆಯಿರಿ, ಇಲ್ಲಿಂದಲ್ಲ. ಪೆನ್ ಡ್ರೈವ್‌ಗೆ ಡ್ರೈವ್ ಅಕ್ಷರ ಸಿಗದೆ ಒದ್ದಾಡುವವರಿಗೆ ‘ಮೌಂಟ್‌ವಾಲ್ /ಆರ್’ ಇದೆ, ಈಗ ಇಲ್ಲದ ವಾಲ್ಯೂಮ್‌ಗಳ ಗುರುತನ್ನು ಮಾತ್ರ ಅಳಿಸುತ್ತದೆ. ಅದಕ್ಕೂ ಮೊದಲು ಬಳಕೆಯಲ್ಲಿರುವ ಹೊರಗಿನ ಡಿಸ್ಕ್‌ಗಳನ್ನು ಸಿಕ್ಕಿಸಿಟ್ಟುಕೊಳ್ಳಿ.

ಈಗ ನಿಮ್ಮ ಸ್ಕ್ಯಾನರ್. ಇಂಥ ಟೂಲ್‌ಗಳು ಸಾಮಾನ್ಯವಾಗಿ ಸಾಲನ್ನಷ್ಟೇ ಅಳಿಸುತ್ತವೆ, ಡ್ರೈವರ್ ವಿಂಡೋಸ್‌ನ ಡ್ರೈವರ್ ಸಂಗ್ರಹದಲ್ಲೇ ಉಳಿದಿರುತ್ತದೆ. ‘ಪಿಎನ್‌ಪಿಯುಟಿಲ್ /ಎನಮ್-ಡ್ರೈವರ್ಸ್’ ಕೊಟ್ಟು ಸ್ಕ್ಯಾನರ್ ತಯಾರಕರ ಹೆಸರು ಇದೆಯೇ ನೋಡಿ. ಇದ್ದರೆ ಸ್ಕ್ಯಾನರ್ ತೆಗೆದು, ಪವರ್ ಆಫ್ ಮಾಡಿ ಆನ್ ಮಾಡಿ, ಹಬ್ ಬಿಟ್ಟು ನೇರ ಹಿಂದಿನ ಕಿಂಡಿಗೆ ಹಾಕಿ, ಆಕ್ಷನ್ ಮೆನುವಿನಲ್ಲಿ ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್ ಒತ್ತಿ. ಸಾಲು ಬಂದರೂ ಸ್ಕ್ಯಾನಿಂಗ್ ಸಾಫ್ಟ್‌ವೇರ್‌ಗೆ ಸಿಗದಿದ್ದರೆ ಅದರೊಳಗೆ ಹೋಗಿ ಸಾಧನವನ್ನು ಮತ್ತೆ ಆರಿಸಿ, ಅದು ಹಳೆಯ ಗುರುತನ್ನೇ ಹುಡುಕುತ್ತಿರಬಹುದು. ಹಳದಿ ಗುರುತಿನ ಜೊತೆ ಕೋಡ್ 28 ಬಂದರೆ ಡ್ರೈವರ್ ಹೋಗಿದೆ, ತಯಾರಕರ ಇನ್‌ಸ್ಟಾಲರ್ ಬೇಕು. ಅದು ಮುಗಿಯುವವರೆಗೆ ಸ್ಕ್ಯಾನರ್ ಸಿಕ್ಕಿಸಬೇಡಿ.

ಕಾಮ್ 27 ಉಳಿದದ್ದಕ್ಕೆ ಕಾರಣ ಸರಳ. ಅಳಿಸುವಾಗ ಕೇಬಲ್ ಸಿಕ್ಕಿಸಿತ್ತು ಅಲ್ವಾ? ಹಾಗಾಗಿ ಅದರ ಸಾಲು ಮಸುಕಾಗಿರಲಿಲ್ಲ. ಅದರ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ ಕಾಮ್ 3 ಆರಿಸಿ. ಆ ನಂಬರ್ ಮುಂದೆ ಇನ್ನೂ ‘ಇನ್ ಯೂಸ್’ ಇದ್ದರೆ ತಕ್ಷಣ ಯೆಸ್ ಒತ್ತಬೇಡಿ. ಆಫೀಸ್ ಮಾದರಿಯ ಯಂತ್ರಗಳಲ್ಲಿ ಯಂತ್ರವನ್ನು ದೂರದಿಂದ ನಿರ್ವಹಿಸಲು ಇರುವ ಇಂಟೆಲ್‌ನ ಎಸ್‌ಒಎಲ್ ಪೋರ್ಟ್ ಹೆಚ್ಚಾಗಿ ಮೂರನ್ನೇ ಹಿಡಿದಿರುತ್ತದೆ. ಜೋಡಿಸಿದ ಕೆಲವು ಬ್ಲೂಟೂತ್ ಸಾಧನಗಳೂ ಎರಡೆರಡು ಪೋರ್ಟ್ ತಿನ್ನುತ್ತವೆ. ಇವೆರಡೂ ಅಲ್ಲ ಎಂದು ಖಚಿತವಾದ ಮೇಲೆ ಯೆಸ್ ಒತ್ತಿ, ಕೇಬಲ್ ತೆಗೆದು ಮತ್ತೆ ಹಾಕಿ.

ಆಗದಿದ್ದರೆ ಆ ಟೆಕ್ಸ್ಟ್ ಫೈಲ್ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಹಾಕುವ ಮೊದಲು ಐಡಿಗಳ ಕೊನೆಯಲ್ಲಿರುವ ಸೀರಿಯಲ್ ನಂಬರ್‌ಗಳನ್ನು ಅಳಿಸಿ, ಎರಡನೇ ಅಕ್ಷರ ಮಾತ್ರ ಉಳಿಸಿ, ಅದು ಬೇಕಾಗುತ್ತದೆ.