ಕೇಳಿ–ಹೇಳಿ: ಜನಪದ ರಂಗಕಲೆಗಳಲ್ಲಿ ಸಂಶೋಧನೆ

ಪ್ರಶ್ನೆ: ಕನ್ನಡ ಎಂ.ಎ.ಯಲ್ಲಿ ಶೇ. 58 ಅಂಕ ಬಂದಿದೆ. ಮಂಟೇಸ್ವಾಮಿ ಕಾವ್ಯದ ಮೇಲೆ ಪಿಎಚ್.ಡಿ. ಮಾಡುವಾಸೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಮಳವಳ್ಳಿ

ಉತ್ತರ: ಅರ್ಹತೆಗೆ ಬೇಕಾದ ಶೇ. 55 ನಿಮ್ಮಲ್ಲಿದೆ. ಮೊದಲು ಯುಜಿಸಿ ನೆಟ್ ಪರೀಕ್ಷೆಗೆ ಕೂರಿ. ‘ಜಾನಪದ ಸಾಹಿತ್ಯ’ವೆಂಬ ಪ್ರತ್ಯೇಕ ವಿಷಯ (ಸಂಖ್ಯೆ 71) ಇದ್ದರೂ ನಿಮಗೆ ಕನ್ನಡವೇ ಸರಿ, ಎಂ.ಎ. ಮಾಡಿದ ವಿಷಯದಲ್ಲೇ ಬರೆಯಬೇಕು, ಜಾನಪದದ ಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಬರುತ್ತದೆ. ಜೆಆರ್‌ಎಫ್ (ಆ ಪರೀಕ್ಷೆಯಿಂದ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ.

ಅರ್ಜಿ ಹಾಕುವ ಮುಂಚೆ ಗೈಡ್ ಹುಡುಕಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಮೂರರಲ್ಲೂ ವಿಚಾರಿಸಿ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷ ಉಳಿದಿಲ್ಲದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅಂಕವಿದ್ದೂ ಸೀಟು ತಪ್ಪುವುದು ಹೆಚ್ಚಾಗಿ ಇಲ್ಲೇ.

ಇನ್ನು ವಿಷಯ. ‘ಮಂಟೇಸ್ವಾಮಿ ಕಾವ್ಯ: ಒಂದು ಅಧ್ಯಯನ’ ಎಂದು ದಯವಿಟ್ಟು ಬರೆಯಬೇಡಿ, ಅಚ್ಚಾದ ಪಠ್ಯದ ಸಾರಾಂಶ ಬರೆದುಕೊಟ್ಟು ಸಂಶೋಧನೆ ಎನ್ನುವ ಪರಿಪಾಠ ಸಾಕಾಗಿದೆ. ಒಂದೇ ಮೇಳದ ನೀಲಗಾರರು (ಈ ಕಾವ್ಯ ಹಾಡುವ ಕಲಾವಿದರು) ಅದರ ‘ಕಲ್ಯಾಣದ ಸಾಲು’ ಭಾಗವನ್ನು ಚಿಕ್ಕಲ್ಲೂರು ಜಾತ್ರೆಯಲ್ಲಿ, ಒಕ್ಕಲಿನ ಮನೆಯಲ್ಲಿ, ಸಮ್ಮೇಳನದ ಇಪ್ಪತ್ತು ನಿಮಿಷದ ವೇದಿಕೆಯಲ್ಲಿ ಹೇಗೆ ಹಾಡುತ್ತಾರೆ ಎಂದು ಹಿಡಿದುಕೊಳ್ಳಿ. ಯಾವ ಭಾಗ ಬಿತ್ತು, ಹಿಮ್ಮೇಳ ಎಲ್ಲಿ ಸೊಲ್ಲು (ಪಲ್ಲವಿ) ಎತ್ತಿತು, ಡಕ್ಕೆ ವಾದ್ಯ ಎಲ್ಲಿ ಬಿಗಿಯಾಯಿತು, ಕೇಳುವವರು ಎಲ್ಲಿ ಕೈ ಮುಗಿದರು: ಇದು ಪ್ರದರ್ಶನದ ಅಧ್ಯಯನ. ಜಾತ್ರೆ ಬರುವುದು ಜನವರಿಯ ಹುಣ್ಣಿಮೆಗೆ, ವರ್ಷಕ್ಕೊಮ್ಮೆ. ಕೋರ್ಸ್‌ವರ್ಕ್ (ಪಿಎಚ್.ಡಿ.ಯ ಆರಂಭದ ತರಗತಿಗಳು) ಮುಗಿಯಲಿ ಎಂದು ಕಾದರೆ ಒಂದು ಜಾತ್ರೆ ಕೈ ಬಿಟ್ಟಂತೆ, ಪಿಎಚ್.ಡಿ.ಗೆ ಕನಿಷ್ಠ ಅವಧಿಯೇ ಮೂರು ವರ್ಷ.

ಪ್ರಶ್ನೆ: ಯಕ್ಷಗಾನ ಬಯಲಾಟ ದಾಖಲಿಸಿದೆ. ಚೆಂಡೆ ಬಾರಿಸಿದಾಗಲೆಲ್ಲ ಧ್ವನಿ ಒಡೆದಿದೆ, ಭಾಗವತರ ಪದವೂ ಅಲ್ಲಲ್ಲಿ ಕೇಳುವುದಿಲ್ಲ. ಸರಿಪಡಿಸಬಹುದೇ?
– ಓದುಗರು, ಹೊನ್ನಾವರ

ಉತ್ತರ: ಒಡೆದ ಧ್ವನಿ ಮತ್ತೆ ಕೂಡುವುದಿಲ್ಲ. ಮುಂದಿನ ಸಲಕ್ಕೆ: ರೆಕಾರ್ಡರಿನ ಆಟೋ ಲೆವೆಲ್ ಆಫ್ ಮಾಡಿ. ಅದು ಆನ್ ಇದ್ದರೆ ಚೆಂಡೆಯ ಪೆಟ್ಟಿಗೆ ಮಟ್ಟ ತಾನೇ ಇಳಿಯುತ್ತದೆ, ಬಿಡ್ತಿಗೆ (ಚೆಂಡೆ-ಮದ್ದಳೆಗಳ ನುಡಿತ) ಮುಗಿದು ಭಾಗವತರು ಪದ ಎತ್ತುವಾಗ ಮೊದಲ ಅಕ್ಷರಗಳು ಅಡಗಿಹೋಗುತ್ತವೆ. ನಿಮಗಾಗಿರುವುದು ಇದೇ ಇರಬೇಕು. ಪೀಠಿಕೆ ನುಡಿಸುವಾಗಲೇ ಚೆಂಡೆಯ ಅತಿ ಜೋರಾದ ಪೆಟ್ಟು ಮೈನಸ್ 12 ಡೆಸಿಬಲ್ ಆಸುಪಾಸು ನಿಲ್ಲುವಂತೆ ಗೇನ್ (ಧ್ವನಿ ಹಿಡಿಯುವ ಮಟ್ಟ) ಇಳಿಸಿಕೊಳ್ಳಿ. ಆಗಲೂ ಒಡೆದರೆ ಮೈಕೇ ತಾಳುತ್ತಿಲ್ಲ. ಚೆಂಡೆಯಿಂದ ದೂರ, ಭಾಗವತರ ಕಡೆಗೆ ಸರಿಸಿ. ಸ್ಪೀಕರಿನ ಎದುರು ಮಾತ್ರ ಇಡಬೇಡಿ.

ಎಂಪಿ3 ಬೇಡ, ವೇವ್ ಕಡತ ಇರಲಿ: 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಇಡೀ ರಾತ್ರಿಗೆ 32 ಜಿಬಿ ಕಾರ್ಡ್ ಧಾರಾಳ. ಪದ, ಅರ್ಥ (ಪಾತ್ರಧಾರಿಗಳ ಮಾತು), ಕುಣಿತಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಗುರುತಿಸಲು ಈಲಾನ್ ಎಂಬ ಉಚಿತ ತಂತ್ರಾಂಶವಿದೆ.

ಕಲಾವಿದರ ಒಪ್ಪಿಗೆಯನ್ನು ಆಟಕ್ಕೆ ಮೊದಲೇ ಪಡೆಯಿರಿ. ಕೃತಿಸ್ವಾಮ್ಯ ಕಾಯಿದೆಯಡಿ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಅಧ್ಯಯನಕ್ಕೆ, ಸಂಗ್ರಹಾಲಯಕ್ಕೆ, ಯೂಟ್ಯೂಬಿಗೆ ಎಂದು ಮೂರನ್ನೂ ಬೇರೆಬೇರೆಯಾಗಿ ಕೇಳಿ. ಮೊದಲನೆಯದಕ್ಕೆ ಹೂಂ ಎಂದವರು ಮೂರನೆಯದಕ್ಕೆ ಬೇಡವೆನ್ನುವುದುಂಟು.

ಪ್ರಶ್ನೆ: ನಾನು ಬಿ.ಎ. ಮಾಡಿದ ದೊಡ್ಡಾಟದ ಕಲಾವಿದ, ವಯಸ್ಸು 43. ಎಂ.ಎ. ಇಲ್ಲದೆ ಸಂಶೋಧನೆಗೆ ದಾರಿ ಇದೆಯೇ?
– ಓದುಗರು, ಕೂಡ್ಲಿಗಿ

ಉತ್ತರ: ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಸೀನಿಯರ್ ಫೆಲೋಶಿಪ್ 40 ದಾಟಿದವರಿಗೆ. ತಿಂಗಳಿಗೆ 20,000 ರೂ.ನಂತೆ ಎರಡು ವರ್ಷ. ಹಣ ಆರು ತಿಂಗಳಿಗೊಮ್ಮೆ ಕಂತಿನಲ್ಲಿ ಬರುತ್ತದೆ, ಪ್ರಗತಿ ವರದಿ ತಡವಾದರೆ ಕಂತೂ ತಡ. ಪ್ರಕಟಣೆ ಇಂಥದೇ ತಿಂಗಳು ಬರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಯೋಜನೆಯ ಬರಹ, ನಿಮ್ಮ ಪ್ರದರ್ಶನಗಳ ಪಟ್ಟಿ, ಕರಪತ್ರ, ಪ್ರಮಾಣಪತ್ರಗಳನ್ನು ಈಗಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.