ತಾತನ ಜೋಡಿ ನಳಿಗೆ ಕೋವಿ: ಹಾರಿಸಬಹುದಾ?

ಹೊಳಲ್ಕೆರೆಯ ತೋಟದ ಮನೆಯಲ್ಲಿ ಸಿಕ್ಕ ತಾತನ ಹ್ಯಾಮರ್ ಕೋವಿಯನ್ನು (ಹೊರಗೆ ಸುತ್ತಿಗೆಯಂಥ ಕುದುರೆ ಕಾಣುವಂಥದ್ದು) ಹಾರಿಸಬಹುದಾ ಎಂದು ಕೇಳಿದ್ದೀರಿ, ಅದರ ನಳಿಗೆ ಮೇಲೆ ಸುರುಳಿ ಗೆರೆಗಳಿವೆ ಅಂದಿದ್ದೀರಿ. ಹಾಗಾದರೆ ಅದು ಬಹುಶಃ ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು, ಹೆಚ್ಚಾಗಿ ಕರಿಮದ್ದಿಗೆ (ಹೊಗೆ ಬರುವ ಹಳೆಯ ಸಿಡಿಮದ್ದು) ಮಾಡಿದ್ದು. ಈಗಿನ ಕಾರ್ಟ್ರಿಜ್‌ನ ಒತ್ತಡ ಅದು ತಾಳದಿರಬಹುದು, ದಯವಿಟ್ಟು ಹಾಕಬೇಡಿ. ನಳಿಗೆ ಸೀಳಿದರೆ ಎಡಗೈ ಹೋಗುತ್ತದೆ.

ಮೊದಲು ಲೈಸೆನ್ಸ್. ಅದು ತೀರಿಕೊಂಡ ತಾತನ ಹೆಸರಲ್ಲೇ ಇದ್ದರೆ ಕೋವಿಯನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಠೇವಣಿ ಇಟ್ಟು, ಚಿತ್ರದುರ್ಗದ ಡಿಸಿ ಕಚೇರಿಯಲ್ಲಿ ವಾರಸುದಾರರ ಅರ್ಜಿ ಹಾಕಿ. ಸುಮ್ನೆ ಮನೆಯಲ್ಲಿ ಇಟ್ಟುಕೊಂಡರೆ 1959ರ ಆಯುಧ ಕಾಯ್ದೆಯಡಿ ಅಪರಾಧ.

ಆಮೇಲೆ ಡೀಲರ್ ಕೈಯಲ್ಲೇ ಬಿಚ್ಚಿಸಿ, ಎರಡೂ ನಳಿಗೆ ಖಾಲಿ ಇದೆಯಾ ನೋಡಿಸಿ. ನಳಿಗೆಯ ಅಡಿಭಾಗದಲ್ಲಿ ಒತ್ತಿರುವ ಪರೀಕ್ಷಾ ಮುದ್ರೆಗಳ ಫೋಟೋ ತೆಗೆಯಿರಿ. ಕೋವಿಯ ಜಾತಕ ಇರುವುದೇ ಅಲ್ಲಿ. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಇದ್ದರೆ ಬೆಲ್ಜಿಯಂನ ಲೀಯೆಜ್. ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ ಎಂದರ್ಥ) ಇದ್ದರೆ ಇಂಗ್ಲೆಂಡಿನದು, 1875ರಿಂದ 1887ರ ನಡುವಿನದು. ‘ನೈಟ್ರೋ ಪ್ರೂಫ್’ (ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ್ದು) ಇದ್ದರೆ ಸ್ವಲ್ಪ ಆಶೆ ಇದೆ, ಆದರೆ ಅದು ಅಂದಿನ ಪರೀಕ್ಷೆ, ಇವತ್ತಿನ ಸ್ಥಿತಿಗೆ ಗ್ಯಾರಂಟಿ ಅಲ್ಲ.

ಚೇಂಬರ್ (ನಳಿಗೆಯಲ್ಲಿ ಕಾರ್ಟ್ರಿಜ್ ಕೂರುವ ಜಾಗ) ಉದ್ದವನ್ನೂ ಅಳೆಸಿ. ಹಳೆಯವು ಜಾಸ್ತಿ 65 ಮಿ.ಮೀ., ಈಗಿನ ಕಾರ್ಟ್ರಿಜ್ ಹೆಚ್ಚಾಗಿ 70. ಒಳಗೆ ತುಕ್ಕಿನ ಗುಳಿ, ನಳಿಗೆಯ ದಪ್ಪ, ಮುಚ್ಚಿದಾಗ ಕೀಲು ಅಲುಗಾಡುತ್ತದಾ ಅನ್ನುವುದನ್ನು ಬಂದೂಕು ರಿಪೇರಿಯವರೇ ಅಳತೆ ಮಾಡಿ ಹೇಳಬೇಕು. ಫೋಟೋ ನೋಡಿ ಹಾರಿಸಬಹುದು ಅಂತ ಯಾರು ಹೇಳಿದರೂ ನಂಬಬೇಡಿ. ಮುದ್ರೆಗಳ ಫೋಟೋ ಹಾಕಿ, ಊರು ಮತ್ತು ಕಾಲ ಗುರುತಿಸಲು ನೋಡೋಣ.