ಸಂಗೀತ ಪ್ರಶ್ನೋತ್ತರ: ಹಾಡಿಲ್ಲದ ಗಿಟಾರು

ಪ್ರಶ್ನೆ: ನಾನು ಕರ್ನಾಟಕ ಸಂಗೀತವನ್ನೂ ಯಕ್ಷಗಾನದ ಪದಗಳನ್ನೂ ಕೇಳಿ ಬೆಳೆದವನು. ಈಚೆಗೆ ಮಗನು ಅಮೆರಿಕದ ಜಾನ್ ಫೇಹಿ ಎಂಬವರ ಗಿಟಾರ್ ವಾದನವನ್ನು ಕೇಳಿಸಿದನು. ಹಾಡಿಲ್ಲ, ಜತೆವಾದ್ಯವಿಲ್ಲ, ದಪ್ಪ ತಂತಿಗಳ ಮೇಲೆ ಒಂದೇ ಸಮನೆ ಮೀಟು, ನಡುನಡುವೆ ಅಪಸ್ವರದಂಥದ್ದು. ಇದು ಬ್ಲೂಸೋ, ಜಾನಪದವೋ? ಇದರಲ್ಲಿ ಆಸ್ವಾದಿಸಲು ಏನಿದೆ?
– ಓದುಗರೊಬ್ಬರು, ನೀರ್ಚಾಲು

ಉತ್ತರ: ಬೇರು ಅಮೆರಿಕದ ಕಪ್ಪುಜನರ ಹಾಡುಗಾರಿಕೆಯಾದ ಬ್ಲೂಸಿನದು, ಬೆಳೆದ ರೀತಿ ಅವರದೇ. 1939ರಲ್ಲಿ ಹುಟ್ಟಿ ಮೇರಿಲ್ಯಾಂಡಿನ ಟಕೋಮಾ ಪಾರ್ಕಿನಲ್ಲಿ ಬೆಳೆದ ಫೇಹಿಯವರು ಹಳೆಯ ಗಾನಮುದ್ರಿಕೆಗಳ ಬೆನ್ನುಹತ್ತಿದವರು. ಚಾರ್ಲಿ ಪ್ಯಾಟನ್ ಎಂಬ ಬ್ಲೂಸ್ ಗಾಯಕರ ಕುರಿತು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದವರು. ಜನ ಮರೆತಿದ್ದ ಬುಕ್ಕಾ ವೈಟ್ ಅವರನ್ನು, ಅವರ ಹಾಡಿನಲ್ಲಿ ಬರುವ ಅಬರ್ಡೀನ್ ಎಂಬ ಊರಿನ ಅಂಚೆಗೆ ಕಾಗದ ಹಾಕಿ, 1963ರಲ್ಲಿ ಪತ್ತೆಹಚ್ಚಿದವರು. ಆ ಗಾಯಕರಿಗೆ ಗಿಟಾರು ಕಂಠದ ಜತೆಗಾರ. ಫೇಹಿಯವರು ಕಂಠವನ್ನೇ ಕೈಬಿಟ್ಟು, ಅದೇ ನುಡಿಸಾಣಿಕೆಗೆ ಚರ್ಚಿನ ಸ್ತೋತ್ರಗಳ ಧಾಟಿಯನ್ನೂ ಬಾರ್ಟೋಕರಂತಹ ಯುರೋಪಿನ ಸಂಯೋಜಕರಿಂದ ಕಲಿತ ಕರ್ಕಶ ಸ್ವರಕೂಟಗಳನ್ನೂ ಬೆರೆಸಿ, ಗಿಟಾರೊಂದಕ್ಕೇ ದೀರ್ಘ ಕೃತಿಗಳನ್ನು ಕಟ್ಟಿದರು. ತಮಗೆ ಅಪಸ್ವರವೆನಿಸಿದ್ದು ಕೈತಪ್ಪಿ ಬಂದದ್ದಲ್ಲ, ಬೇಕೆಂದೇ ಇಟ್ಟದ್ದು.

ಮೊದಲ ಸಲ ಕೇಳುವಾಗ ರಾಗವನ್ನು ಹುಡುಕದೆ ಹೆಬ್ಬೆರಳನ್ನು ಮಾತ್ರ ಹಿಂಬಾಲಿಸಿರಿ. ಹೆಬ್ಬೆರಳು ಹಿಮ್ಮೇಳ, ಉಳಿದ ಬೆರಳುಗಳು ಮುಮ್ಮೇಳ. ಎರಡನ್ನೂ ಒಬ್ಬರೇ ನಡೆಸುತ್ತಿದ್ದಾರೆ ಎಂಬುದು ಕಿವಿಗೆ ಹತ್ತಿದ ಮೇಲೆ, ಏಕತಾನವೆಂದು ತೋರಿದ ಆ ಮೀಟಿನ ಮೇಲೆ ಸ್ವರಗಳು ಎಲ್ಲಿ ತಡೆದು ಬೀಳುತ್ತವೆ, ಎಲ್ಲಿ ಮುಂಚಿತವಾಗಿ ನುಗ್ಗುತ್ತವೆ ಎಂಬುದೇ ಕುತೂಹಲದ ಸಂಗತಿಯಾಗುತ್ತದೆ. ಬೆರಳಿನ ವೇಗದಲ್ಲಿ ಅವರನ್ನು ಮೀರಿಸುವವರು ಬಹಳ ಮಂದಿ ಇದ್ದಾರೆ. ಒಂದು ಸ್ವರವನ್ನು ನುಡಿಸಿ, ಅದು ಆರುವವರೆಗೆ ಕಾಯುವ ಧೈರ್ಯ ಇಷ್ಟಿರುವವರು ನನ್ನ ಅಭಿಪ್ರಾಯದಲ್ಲಿ ವಿರಳ.

ಕುಚೋದ್ಯವೂ ಅವರಲ್ಲಿ ಧಾರಾಳವಾಗಿತ್ತು. 1959ರಲ್ಲಿ ಸ್ವಂತ ಖರ್ಚಿನಿಂದ ಸುಮಾರು 100 ಪ್ರತಿಗಳಷ್ಟೇ ಹೊರತಂದ ಮೊದಲ ಗಾನಮುದ್ರಿಕೆಯ ಒಂದು ಮಗ್ಗುಲನ್ನು ‘ಬ್ಲೈಂಡ್ ಜೋ ಡೆತ್’ ಎಂಬ, ಹುಟ್ಟಿಯೇ ಇರದ ಬ್ಲೂಸ್ ಕಲಾವಿದನ ಹೆಸರಿಗೆ ಬರೆದರು. 1968ರಲ್ಲಿ ಬಂದ ಕ್ರಿಸ್ಮಸ್ ಗೀತೆಗಳ ಸಂಕಲನದಿಂದ ತಾವು ಆರಂಭಿಸಬಹುದು, ಅಲ್ಲಿ ಧಾಟಿ ಸ್ಪಷ್ಟವಾಗಿದೆ. 1990ರ ದಶಕದ ವಿದ್ಯುತ್ ಗಿಟಾರಿನ ಗದ್ದಲ ನನಗೇ ಇನ್ನೂ ಒಗ್ಗಿಲ್ಲವಾದ್ದರಿಂದ ಅದನ್ನು ತಮಗೆ ಶಿಫಾರಸು ಮಾಡಲಾರೆ.

ಪ್ರಶ್ನೆ: ಫೇಹಿಯವರ ಹಾಗೆ ನುಡಿಸಲು ಬೇರೆ ಬಗೆಯ ಗಿಟಾರು ಬೇಕೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಬೇಡಮ್ಮ. ಉಕ್ಕಿನ ತಂತಿಯ ಸಾಮಾನ್ಯ ಗಿಟಾರು ಸಾಕು, ಶ್ರುತಿ ಮಾತ್ರ ಬೇರೆ. ಅವರು ಬಳಸುತ್ತಿದ್ದ ಶ್ರುತಿಗಳಲ್ಲಿ ಸುಲಭವಾದುದು ‘ಓಪನ್ ಜಿ’: ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ಎರಡೆರಡು ಮನೆಯಷ್ಟು (ಫ್ರೆಟ್) ಇಳಿಸಬೇಕು. ಆಗ ದಪ್ಪ ತಂತಿಯಿಂದ ತೆಳುವಿನ ಕಡೆಗೆ ಪ, ಸ, ಪ, ಸ, ಅಂತರ ಗಾಂಧಾರ, ಪ ಎಂದು ಬರುತ್ತದೆ. ಎಡಗೈ ಇಡದೆಯೂ ತಂತಿಗಳೆಲ್ಲ ಹೊಂದಿಕೊಂಡು ನುಡಿಯುವುದರಿಂದ ಹೆಬ್ಬೆರಳಿಗೆ ಸದಾ ಆಧಾರ ಸಿಗುತ್ತದೆ. ಇಳಿಸುವಾಗ ತಂತಿ ಹರಿಯುವ ಭಯವಿಲ್ಲ, ಹಿಂದಿನ ಶ್ರುತಿಗೆ ಬಿಗಿ ಮಾಡುವಾಗ ನಿಧಾನವಾಗಿ ತಿರುಗಿಸು.